ಅಗಿದ ಮುದ್ದೆ

"ಅದೇನೇ ಗಂಗಲಕ್ಷ್ಮಿ, ಮುದ್ದೆ ಅಗೀತಾ ಕೂತಿದೀಯ? ಹಸು ಮೆಲುಕು ಹಾಕ್ದಂಗೆ!" ಅತ್ತೆ ನರಸಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪಕ್ಕದಲ್ಲಿ ಉಣ್ಣುತ್ತಿದ್ದ ಓರಗಿತ್ತಿ ಹನುಮಕ್ಕನೂ ನಕ್ಕಳು.

ಗಂಗಲಕ್ಷ್ಮಮ್ಮನ ಹಲ್ಲಿಗೆಲ್ಲ ರಾಗಿ ಮೆತ್ತಿಕೊಂಡಿತ್ತು. ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗಬೇಕು. ಮಾರೇನಹಳ್ಳಿಯ ಎಳೇ ಕೂಸಿಗೂ ಅದು ಗೊತ್ತು. ಆದರೆ ಮಹಿಳಾ ಸಮಾಜದಲ್ಲಿ ಧ್ಯಾನದ ಕ್ಲಾಸು ನಡೆಸುವ ಮಿಸ್ಸು, ಪಾಪ, ಮುದ್ದೆ ಉಂಡವರಲ್ಲ. "ತುತ್ತಿಗೆ ಮೂವತ್ತೆರಡು ಸಲ ಅಗೀರಿ. ರುಚಿ ಕಡೆ ಗಮನ ಇಡಿ. ಕೈ ಮತ್ತೆ ತಿಂಡಿಗೆ ಹೋದ್ರೆ, ಹಸಿವು ಎಲ್ಲಿದೆ ಅಂತ ನಿಮ್ಮನ್ನೇ ಕೇಳ್ಕೊಳಿ" ಅಂದಿದ್ದರು.

ಆ ಕ್ಲಾಸಿಗೆ ಅವಳು ಸೇರಿದ್ದೇ ಹನುಮಕ್ಕನ ಮೇಲಿನ ಹೊಟ್ಟೆಕಿಚ್ಚಿಗೆ. ಮೂರು ತಿಂಗಳು ಹೋಗಿಬಂದು ಆ ಮಿಟುಕಲಾಡಿ ಬಳುಕೋ ಬಳ್ಳಿ ಆಗಿದ್ದಳು. ಹೋಳಿಗೆ ಮಾಡಿದ ದಿನವೂ ಒಂದೇ ತಿಂದು "ಸಾಕಕ್ಕಾ" ಅನ್ನುತ್ತಾಳೆ. ಅಯ್ಯೋ, ಅದು ಹೇಗೆ ಸಾಕಾಗುತ್ತೋ! ಎಂಬತ್ತೈದರ ದೀಪಾವಳಿಗೆ ತಂದ ಪಾಲಿಯೆಸ್ಟರ್ ಸೀರೆ ಉಟ್ಟು ಬಂದಾಗ ಅತ್ತೆ ಅವಳಿಗೆ ದೃಷ್ಟಿ ಬೇರೆ ತೆಗೆದರು. ಇಂಥದ್ದು ಕಂಡಾಗಲೆಲ್ಲ ಗಂಗಲಕ್ಷ್ಮಮ್ಮ ಉಗ್ರಾಣಕ್ಕೆ ಹೋಗಿ ಕೈಗೆ ಸಿಕ್ಕಿದ್ದನ್ನು ಮುಕ್ಕುತ್ತಾಳೆ. ಹೊಟ್ಟೆ ಬಿರಿದರೂ ಕೈ ನಿಲ್ಲುವುದಿಲ್ಲ. ಆಮೇಲೆ ಅಳುತ್ತಾಳೆ. ಸಣ್ಣಗಾಗದಿದ್ದರೆ ಹಾಳಾಗಲಿ, ಈ ಚಾಳಿ ಒಂದು ಬಿಡಿಸಪ್ಪಾ ಅಂತ ದೇವರಿಗೆ ಕೈಮುಗಿದಿದ್ದಳು.

ಇವತ್ತೂ ತಟ್ಟೆ ಬಿಟ್ಟು ಎದ್ದಳು. ಉಗ್ರಾಣದಲ್ಲಿ ಕಜ್ಜಾಯದ ಡಬ್ಬಿ ಇತ್ತು. ಒಂದು, ಎರಡು, ನಾಲ್ಕು. ಐದನೆಯದು ಕೈಯಲ್ಲಿರುವಾಗ ಮಿಸ್ಸಿನ ಮಾತು ನೆನಪಾಯಿತು. ಕಣ್ಣು ಮುಚ್ಚಿ ಉಸಿರು ಎಳೆದು ಬಿಟ್ಟಳು. ಹಸಿವು ಎಲ್ಲಿದೆ? ಹೊಟ್ಟೆಯಲ್ಲಂತೂ ಇರಲಿಲ್ಲ. ಕಣ್ಣೆದುರು ಬಂದದ್ದು ಹನುಮಕ್ಕನ ಮುಖ, ಅದೂ ನಗುತ್ತಿರುವ ಮುಖ.

ಕಣ್ಣು ಬಿಟ್ಟರೆ ಬಾಗಿಲಲ್ಲಿ ಅವಳೇ ನಿಂತಿದ್ದಳು.

"ನಗಬಾರ್ದಿತ್ತು ಅಕ್ಕ. ತಪ್ಪಾಯ್ತು."

"ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ" ಎಂದುಬಿಟ್ಟಳು ಗಂಗಲಕ್ಷ್ಮಮ್ಮ. ಬಾಯಲ್ಲಿ ಇನ್ನೂ ಬೆಲ್ಲವಿತ್ತು. "ಅದಕ್ಕೇ ಹಿಂಗೆ ತಿಂತೀನಿ."

ಹನುಮಕ್ಕ ತಲೆ ತಗ್ಗಿಸಿದಳು. "ನಂಗೇನು ಕಮ್ಮಿ ಉರಿಯುತ್ತಾ? ಅತ್ತೆ ನನ್ನ ಸೀರೆ ಹೊಗಳ್ತಾರೆ, ಅಷ್ಟೇ. ಬೀರು ಬೀಗದ ಕೈ ನಿಮ್ಗೆ ಕೊಟ್ಟವ್ರೆ. ಜ್ವರ ಬಂದ್ರೆ ನಿಮ್ಮನ್ನೇ ಕೂಗ್ತಾರೆ. ಏಳು ವರ್ಷದಿಂದ ನೋಡಿ ನೋಡಿ ಸಾಯ್ತಿದೀನಿ. ನಿಮ್ಗೆ ತಿನ್ನೋಕಾದ್ರೂ ಆಗುತ್ತೆ. ಈಚೆಗಂತೂ ನಂಗೆ ತುತ್ತೇ ಇಳಿಯಲ್ಲ. ಸಣ್ಣಗಾಗಿದ್ದು ಅದಕ್ಕೇ, ಕ್ಲಾಸಿಂದಾನೂ ಅಲ್ಲ, ಗೀಸಿಂದಾನೂ ಅಲ್ಲ."

ಗಂಗಲಕ್ಷ್ಮಮ್ಮ ಕಜ್ಜಾಯವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸೆರಗಿಗೆ ಕೈ ಒರೆಸಿಕೊಂಡು, ಓರಗಿತ್ತಿಯನ್ನು ಹತ್ತಿರ ಎಳೆದು ನೆಲದ ಮೇಲೆ ಕೂರಿಸಿದಳು.

"ಇನ್ನೊಂದ್ಸಲ ಹೇಳೇ" ಅಂದಳು, "ನಿಧಾನಕ್ಕೆ."