ಮಾದರಪಾಟಿನ ಪರದೆ

"ಏ ಪಿಂಜಾರ್ತಿ, ಕಿವಿ ಕೇಳ್ತದಾ, ಇಲ್ಲ ಕಿವಿಗೂ ಹತ್ತಿ ತುಂಬಿಸಿಕೊಂಡಿದ್ದೀಯಾ? ನಿನ್ನ ಗಂಡ ಹೇಗೆ ಸತ್ತ, ಹೇಳು."

ಅಜೀಜಾಬಿ ಬಿಲ್ಲು ನಿಲ್ಲಿಸಲಿಲ್ಲ. ಮಾಟುಂಗದ ಆ ಬಿಲ್ಡಿಂಗಿನ ಗಚ್ಚಿಯ ಮೇಲೆ ಬೆಳಗಿನಿಂದ ಹತ್ತಿ ಹೊಡೆಯುತ್ತಿದ್ದಳು. ಬಿಲ್ಲಿನ ನರದ ಹುರಿಗೆ ಮರದ ಗುಂಡು ಬಿದ್ದಾಗಲೆಲ್ಲ ಟೈಂಯ್ ಎಂದು ಸದ್ದಾಗಿ, ಹೆಪ್ಪುಗಟ್ಟಿದ್ದ ಹತ್ತಿ ಬಿಡಿಸಿಕೊಂಡು ಮೇಲೇಳುತ್ತಿತ್ತು. ಮೂಗು, ಹುಬ್ಬು, ತಲೆಗೂದಲು ಎಲ್ಲ ಬೆಳ್ಳಗಾಗಿತ್ತು. ಹೆಂಗಸು ಬಿಲ್ಲು ಹಿಡಿಯುವುದು ಅವರ ಕಡೆ ಪದ್ಧತಿಯಲ್ಲ. ಗಂಡಸು ಹತ್ತಿ ಹೊಡೆಯಬೇಕು, ಹೆಂಗಸು ಗಾದಿ ತುಂಬಿ ಹೊಲಿಯಬೇಕು. ಗಂಡಸನ್ನು ಮಣ್ಣು ಮಾಡಿ ಬಂದ ಮೇಲೆ ಪದ್ಧತಿಯನ್ನು ಬೇಯಿಸಿಕೊಂಡು ತಿನ್ನಲಾಗುತ್ತದೆಯೇ?

ಕೇಳಿದವನು ಧರ್ಮಣ್ಣ ಸೇಟ್, ಮಗಳ ಮದುವೆಯ ಗಾದಿಗಳಿಗೆಂದು ಅವಳನ್ನು ತನ್ನ ಮನೆಗೆ ಕರೆಸಿದವನು. ಎರಡು ಹೋಟೆಲಿನ ಧಣಿ. ಕನ್ನಡ ಸಂಘದ ವೇದಿಕೆ ಹತ್ತಿ, ಹಾರ ಹಾಕಿಸಿಕೊಂಡು, ತಾಯ್ನುಡಿಯ ಬಗ್ಗೆ ಕಣ್ಣೀರು ಹಾಕುವ ಮನುಷ್ಯ. ವಿಕ್ರೋಳಿಯ ನೀರಿನ ಪೈಪಿನ ಪಕ್ಕ ಅಜೀಜಾಬಿಯಂಥವರು ಕಟ್ಟಿಕೊಂಡ ಝೋಪಡಿಗಳಿಂದ ಭಾಡಿಗೆ ಎತ್ತುವವನೂ ಅವನೇ. ಆ ಜಾಗ ಅವನಪ್ಪನದೇನೂ ಅಲ್ಲ.

"ಬಿದ್ದು ಸತ್ತ್ರೀ," ಅಂದಳು ಅಜೀಜಾಬಿ.

"ಪೂರ್ತಿ ಹೇಳು."

"ಕುಡದು, ಮಾಡಿನ ಮ್ಯಾಲಿಂದ ಬಿದ್ದು ಸತ್ತ್ರೀ, ಸೇಟ್."

ಅವಳ ಗಂಡ ಗೌಸ ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟಿದವನಲ್ಲ. 

"ಹಾಂ, ಹಾಗೆ ಬಾ ದಾರಿಗೆ. ಇವತ್ತು ಸಂಜೆ ನಿಮ್ಮ ಗಲ್ಲಿಯಲ್ಲಿ ಎಂತದೋ ಸಿನಿಮಾ ಉಂಟಂತಲ್ಲ? ಆ ಪಾರ್ಲೆಯ ಕಾಲೇಜು ಹುಡುಗಿ ಮಿಶಿನ್ ಹೊತ್ಕೊಂಡು ಬರ್ತಾಳಂತಲ್ಲ? ನೀನು ಎದ್ದು ನಿಂತು 'ನನಗೆ ಬೇಡ' ಅನ್ಬೇಕು. ಗಂಡ ಸತ್ತವಳೇ ಬೇಡ ಅಂದ್ಮೇಲೆ ಯಾವ ಬೇವರ್ಸಿ ತೋರಿಸ್ತಾನೆ?"

"ಬ್ಯಾಡ ಅನ್ನಾಕ ನಾ ಯಾರ್ರೀ? ಇಡೀ ಗಲ್ಲಿ ಕರದೈತಿ ಆಕೀನ್ನ."

ಧರ್ಮಣ್ಣನ ಚಪ್ಪಲಿಯ ಹಿಮ್ಮಡಿ ಅವಳ ಬಲಗೈಯ ಮೇಲೆ ಬಂತು. ಬೆರಳುಗಳು ಗುಂಡಿಗೂ ಗಚ್ಚಿಗೂ ನಡುವೆ ಸಿಕ್ಕಿಕೊಂಡವು. ಅವನು ಬೀಡಿ ಹೊಸಕುವವನ ಹಾಗೆ ಕಾಲು ತಿರುವಿದ. ಹೆಬ್ಬೆರಳ ಉಗುರು ಸೀಳಿ, ರಕ್ತ ಬಿಳೀ ಹತ್ತಿಗೆ ಹತ್ತಿತು.

"ರಂಡೆ. ನಿನ್ನ ಝೋಪಡಿ ಇನ್ನೂ ನಿಂತಿರೋದು ನನ್ನ ದಯದಿಂದ. ಅತ್ತೆಮುದುಕಿಯನ್ನು ಕಟ್ಟಿಕೊಂಡು ಪೈಪಿನೊಳಗೆ ಮಲಗ್ತೀಯಾ? ನೋಡ್ಕೋ."

ಸದ್ದು ಕೇಳಿ ಮೇಲೆ ಬಂದ ಅವನ ಹೆಂಡತಿ ಹೌಹಾರಿದಳು. "ಅಯ್ಯೋ ದೇವರೇ, ಮದುಮಗಳ ಹಾಸಿಗೆಗೆ ರಕ್ತವಾ! ಆ ಹತ್ತಿ ತೆಗೆದು ಬಿಸಾಡು, ಮೈಲಿಗೆ." ಆಮೇಲೆ ಮಗಳ ಮದುವೆಯ ಗಾದಿಗಳಿಗೆ ಗಲೀಫು ತೊಡಿಸಲೆಂದು ತಂದ ಮಾದರಪಾಟಿನ ಬಿಳೀ ಬಟ್ಟೆಯ ಥಾನನ್ನು ದೂರದಿಂದಲೇ ಎಸೆದಳು. "ಇದನ್ನು ಮನೆಯಲ್ಲಿ ಹೊಲಿದು ತಾ. ನಿಮ್ಮ ನೆಲಕ್ಕೆ ಮಾತ್ರ ಹಾಸಬೇಡ ಮಾರಾಯ್ತಿ."

ಅಜೀಜಾಬಿ ಬೆರಳಿಗೆ ಹತ್ತಿಯನ್ನೇ ಸುತ್ತಿಕೊಂಡಳು. ಗುಂಡನ್ನು ಸೆರಗಿನಲ್ಲಿ ಒರೆಸಿ ಜೋಳಿಗೆಗೆ ಹಾಕಿದಳು. ಧರ್ಮಣ್ಣ ಆ ಗುಂಡಿನ ಗುರುತು ಹಿಡಿಯಲೇ ಇಲ್ಲ. ಗೌಸನ ತಲೆ ಒಡೆದದ್ದು ಅದೇ ಗುಂಡು. ಒಡೆದದ್ದು ಧರ್ಮಣ್ಣನದೇ ಕೈ.

*

ಎಮರ್ಜೆನ್ಸಿ ಮುಗಿದಿತ್ತು, ಝೋಪಡಿ ಒಡೆಯುವುದು ಮುಗಿದಿರಲಿಲ್ಲ. ಪೈಪಿನ ಪಕ್ಕ ಪಕ್ಕಾ ಚಾಳು ಎಬ್ಬಿಸಿ ಜಾಸ್ತಿ ಭಾಡಿಗೆಗೆ ಕೊಡುವ ಆಸೆ ಧರ್ಮಣ್ಣನಿಗೆ. ಹೋದ ಮಳೆಗಾಲಕ್ಕೆ ಮುಂಚೆ ಹಾರೆ ಹಿಡಿದ ಆಳುಗಳನ್ನು ಕರೆದುಕೊಂಡು ಬಂದ. ಗೌಸ ಬಾಗಿಲಿಗೆ ಬಿಲ್ಲು ಅಡ್ಡ ಹಿಡಿದು ನಿಂತ. ಆಳುಗಳು ಅವನನ್ನು ಕೆಡವಿ ತುಳಿದರು. ಅವನ ಜೋಳಿಗೆಯಿಂದ ಉರುಳಿದ ಗುಂಡನ್ನು ಧರ್ಮಣ್ಣ ತಾನೇ ಬಗ್ಗಿ ಎತ್ತಿಕೊಂಡ. ಆಗ ಅವನಾಡಿದ ಮಾತು ಇಡೀ ಗಲ್ಲಿಯ ಕಿವಿಗೆ ಬಿತ್ತು.

ಆ ಹೊತ್ತಿಗೆ ನಲ್ಲಿಯ ಮುಂದಿನ ಕೊಡಗಳ ಸಾಲಿನ ಚಿತ್ರ ತೆಗೆಯಲೆಂದು ವಿನೋದಿನಿ ಪೈಪಿನ ಮೇಲೆ ಹತ್ತಿ ನಿಂತಿದ್ದಳು. ಪಾರ್ಲೆಯ ಹುಡುಗಿ, ಅಪ್ಪ ಅಮ್ಮ ಉಡುಪಿಯ ಕಡೆಯವರು. ಝೋಪಡಿ ಬಸ್ತಿಗಳ ಗೋಳನ್ನು ಸಿನಿಮಾ ಮಾಡಿ ಬಸ್ತಿಗಳಲ್ಲೇ ತೋರಿಸುತ್ತ ತಿರುಗುವ ಗುಂಪಿನವಳು. ಅವಳ ಕೈಯಲ್ಲಿದ್ದ ಕೀಲಿ ತಿರುವುವ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಧರ್ಮಣ್ಣ ಅವಳನ್ನು ನೋಡುವ ಹೊತ್ತಿಗೆ ಎಲ್ಲ ಮುಗಿದು, ಅವಳು ಓಡಿಯಾಗಿತ್ತು.

ಠಾಣೆಯಲ್ಲಿ ಗಲ್ಲಿಗೆ ಗಲ್ಲಿಯೇ "ಬಿದ್ದು ಸತ್ತ" ಅಂದಿತು. ಪಕ್ಕದ ಝೋಪಡಿಯ ಹಮಾಲ ಪರಪ್ಪ ಅಂದ. ಅಜೀಜಾಬಿ ಅಂದಳು. ಗೌಸನ ತಾಯಿ ಇಮಾಮಬಿಯೂ ಅಂದಳು. ಬಾಗಿಲಲ್ಲಿ ಧರ್ಮಣ್ಣ ಅಧಿಕಾರಿಯ ಜೊತೆ ಚಹಾ ಕುಡಿಯುತ್ತ ನಿಂತಿದ್ದಾಗ ಬೇರೆ ಏನು ಅಂದಾರು?

ಈಗ, ಅಜೀಜಾಬಿ ಮಾಟುಂಗದಿಂದ ಮರಳಿದ ಮೇಲೆ, ವಿನೋದಿನಿ ಅವಳ ಝೋಪಡಿಯ ಹೊಸ್ತಿಲ ಮೇಲೆ ಕುಳಿತು ಆ ಸಾಕ್ಷಿಯ ಮಾತನ್ನೇ ಎತ್ತಿದ್ದಳು.

"ಆಪಾ, ವಕೀಲ್ ಸಾಫ್ ಬೋಲಾ. ಫಿಲ್ಮಿಗೆ ಆವಾಜ್ ಇಲ್ಲ ಅಲ್ವಾ? ಬರೀ ಅದು ಸಾಕಾಗಲ್ಲ. ನೋಡಿದವರು... ಕ್ಯಾ ಬೋಲ್ತೇ... ಬಾಯಿ ಬಿಡಬೇಕು. ಒಬ್ಬರಾದ್ರೂ."

"ಬಾಯಿ ಬಿಟ್ಟಾಂವ ಮರುದಿನ ಎಲ್ಲಿರಬೇಕವ್ವಾ?" ಅಂದ ಪರಪ್ಪ. "ನಿನಗೇನು, ಲೋಕಲ್ ಹತ್ತಿ ಹೋಗಿಬಿಡ್ತಿ."

ಇನ್ನೊಂದು ತೊಡಕೂ ಇತ್ತು. ಗಲ್ಲಿಯ ತುದಿಯ ಚಹಾದಂಗಡಿಯ ಸುಣ್ಣದ ಗೋಡೆಯ ಮೇಲೆ ಸಿನಿಮಾ ಬಿಡುವುದೆಂದು ಮಾತಾಗಿತ್ತು. ಅಂಗಡಿಯ ಮೋನಪ್ಪ, ಧರ್ಮಣ್ಣನ ಊರಿನವನೇ, ಈಗ ಕೈಯೆತ್ತಿಬಿಟ್ಟಿದ್ದ. "ಕರೆಂಟ್ ಬೇಕಾದ್ರೆ ಕೊಡ್ತೇನೆ ಮಾರಾಯ್ತಿ, ವಯರು ಹಿಂದಿನಿಂದ ಎಳ್ಕೊ. ಗೋಡೆ ಮಾತ್ರ ಕೇಳಬೇಡ. ಗೋಡೆ ಕೊಟ್ಟದ್ದು ಎಲ್ಲರಿಗೂ ಕಾಣ್ತದೆ."

ಅಜೀಜಾಬಿ ಎದ್ದು ಮಾದರಪಾಟಿನ ಥಾನನ್ನು ನೆಲಕ್ಕೇ ಹಾಸಿದಳು. ಅಗಲಕ್ಕೆ ಅಗಲ ಕೂಡಿಸಿ, ಗಾದಿ ಹೊಲಿಯುವ ದಬ್ಬಣಕ್ಕೆ ದಾರ ಪೋಣಿಸಿದಳು. 

ಇಮಾಮಬಿ ಎದೆ ಬಡಿದುಕೊಂಡಳು. "ಯಾ ಅಲ್ಲಾ! ನಕೋ ಬೇಟಿ, ಅದು ಸೇಟ್‌ನ ಮನಿ ಬಟ್ಟಿ!"

"ಹೌ ಅಮ್ಮಾ," ಅಂದಳು ಅಜೀಜಾಬಿ. "ಅದಕ್ಕ." ಒಡೆದ ಹೆಬ್ಬೆರಳಿಂದ ಪ್ರತಿ ಹೊಲಿಗೆಗೂ ರಕ್ತದ ಚುಕ್ಕೆ ಬೀಳುತ್ತಿತ್ತು. ಬೀಳಲಿ ಅಂದುಕೊಂಡಳು.

*

ಹೊತ್ತು ಮುಳುಗಿ ಮಗರಿಬ್‌ನ ನಮಾಜು ಮುಗಿದ ಮೇಲೆ ಎರಡು ಬಿದಿರಿನ ಗಳಕ್ಕೆ ಪರದೆ ಕಟ್ಟಿದರು. ಮಿಶಿನ್ ಗರಗರ ಅಂತು. ಪರದೆಯ ಮೇಲೆ ಮೊದಲು ನಲ್ಲಿ ಬಂತು, ಆಮೇಲೆ ಕೊಡಗಳು, ಆಮೇಲೆ ಪರಪ್ಪನ ಮೀಸೆ. 

"ಏ, ನೋಡ್ರಲೇ, ಪರ್ಪ್ಯಾ ಹೀರೋ ಆಗ್ಯಾನ!" ಎಂದು ಯಾರೋ ಕೂಗಿದರು. ಗಲ್ಲಿ ಬಿದ್ದು ಬಿದ್ದು ನಕ್ಕಿತು. ತಮ್ಮ ಮುಖ ಇಷ್ಟು ದೊಡ್ಡದಾಗಿ ಯಾರೂ ಕಂಡಿರಲಿಲ್ಲ.

ಆಮೇಲೆ ಹಾರೆಗಳು ಬಂದವು. ನಗು ನಿಂತಿತು. ಗೌಸ ಬಿಲ್ಲು ಅಡ್ಡ ಹಿಡಿದು ನಿಂತ. 

"ಓಡೋ ಮಗಾ!" ಎಂದು ಇಮಾಮಬಿ ಚೀರಿದಳು. "ಗೌಸ್, ಭಾಗೋ ರೇ! ಬಿಲ್ಲು ಬಿಟ್ಟು ಓಡು!"

ಮಗ ಓಡಲಿಲ್ಲ. ಕೆಳಗೆ ಬಿದ್ದ. ಧರ್ಮಣ್ಣನ ಮುಖ ಪರದೆಯ ತುಂಬ ಬಂತು. ಅವನ ಬಾಯಿ ತೆರೆಯಿತು, ಮುಚ್ಚಿತು, ಸದ್ದಿಲ್ಲ. ವಿನೋದಿನಿ ಭೊಂಗಾ ಎತ್ತಿ ಬಾಯಿಗೆ ಹಿಡಿದು "ಭಾಯಿಯೋ ಔರ್ ಬೆಹನೋ, ಯಹ ಹೈ ಶೋಷಣ್..." ಎಂದು ಶುರು ಮಾಡಿದಳು. ಅಜೀಜಾಬಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಸುಮ್ಮಿರವ್ವಾ. ಅಂವ ಅಂದಿದ್ದು ಅದಲ್ಲ."

ಅವಳು ಪರದೆಯ ಪಕ್ಕ ಹೋಗಿ ನಿಂತಳು. ಧರ್ಮಣ್ಣನ ತುಟಿ ಅಲುಗುವುದಕ್ಕೆ ಸರಿಯಾಗಿ, ಧರ್ಮಣ್ಣನ ಕನ್ನಡದಲ್ಲೇ ಕೂಗಿದಳು:

"ಹಿಡೀರಿ ಬೇವರ್ಸಿಯನ್ನು. ಸತ್ರೆ ಸಾಯ್ಲಿ. ಕೇಳುವವರು ಯಾರುಂಟು?"

ಗುಂಡು ಏರಿತು, ಇಳಿಯಿತು. ಗೌಸನ ಕಾಲು ಒಮ್ಮೆ ಒದ್ದುಕೊಂಡು ಸುಮ್ಮನಾಯಿತು. ಅವನು ಸತ್ತ ದಿನ ಅಳಲು ಹೆದರಿದ್ದ ಗಲ್ಲಿ ಈಗ ಗೊಳೋ ಎಂದು ಅತ್ತಿತು.

"ಬಂದ್ ಮಾಡ್ರೋ ಅದನ್ನು!"

ಧರ್ಮಣ್ಣ ಇಬ್ಬರು ಆಳುಗಳ ಜೊತೆ ಜನರನ್ನು ತುಳಿದುಕೊಂಡೇ ಬಂದ. ಸಂಘದ ಸಭೆಯಿಂದ ಎದ್ದು ಬಂದವನು, ಮೈಮೇಲೆ ಗರಿಗರಿ ಬಿಳೀ ಜುಬ್ಬ. ಆಳಿನ ಕಬ್ಬಿಣದ ಸಲಾಕೆ ವಿನೋದಿನಿಯ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಮಿಶಿನ್ನಿನ ಮೇಲೆ ಕವುಚಿ ಬಿದ್ದಳು, ಬಿಡಲಿಲ್ಲ. ಅಡ್ಡ ಹೋದ ಪರಪ್ಪನ ತಲೆ ಒಡೆಯಿತು. ಧರ್ಮಣ್ಣ ಪರದೆಗೆ ಕೈ ಹಾಕಿ, ಪರ್ರೆಂದು ನಡುವೆ ಸೀಳಿದ. ಆಗ ಅವನಿಗೆ ಬಟ್ಟೆಯ ಗುರುತು ಸಿಕ್ಕಿತು.

"ನನ್ನ ಮಗಳ ಮದುವೆ ಬಟ್ಟೆಯಲ್ಲಿ ನಿನ್ನ ಗಂಡನ ಹೆಣ ತೋರಿಸ್ತೀಯಾ, ಹಲ್ಕಟ್ ರಂಡೆ!" ಎಂದು ಅಜೀಜಾಬಿಯ ಜುಟ್ಟು ಹಿಡಿದು ಮುಖವನ್ನು ಬಿದಿರಿಗೆ ಗುದ್ದಿದ. ಅವಳ ಬಾಯಿ ರಕ್ತವಾಯಿತು. ಕೈ ಜೋಳಿಗೆಯೊಳಗೆ ಹೋಯಿತು. ಗುಂಡು ಹೊರಗೆ ಬಂದದ್ದೇ ಧರ್ಮಣ್ಣನ ಮಂಡಿಗೆ ಅಪ್ಪಳಿಸಿತು. ಅವನು ಕುಸಿದ.

ಅಲ್ಲಿಯವರೆಗೆ ಕುಳಿತಿದ್ದ ಗಲ್ಲಿ ಎದ್ದಿತು. ಯಾರು ಮೊದಲು ಎದ್ದರೋ ಹೇಳಲಾಗದು. ಒಬ್ಬ ಆಳು ಪೈಪು ಹಾರಿ ಓಡಿದ. ಇನ್ನೊಬ್ಬನ ಸಲಾಕೆಯನ್ನು ಹೆಂಗಸರೇ ಕಿತ್ತುಕೊಂಡು ಅವನನ್ನೇ ಬಡಿದು ಮಲಗಿಸಿದರು. ಧರ್ಮಣ್ಣನನ್ನು ಎರಡು ಗಳಗಳ ನಡುವೆ ಎತ್ತಿ ನಿಲ್ಲಿಸಿ, ಬಿಲ್ಲಿನ ನರದ ಹುರಿ ಬಿಚ್ಚಿ ಎರಡೂ ರಟ್ಟೆ ಕಟ್ಟಿದರು. ಎಳೆದಷ್ಟೂ ಆ ಹುರಿ ಮಾಂಸದೊಳಗೆ ಇಳಿಯುತ್ತದೆ.

"ಕೊಂದ್ ಹಾಕ್ರಿ ಸೂಳೆಮಗನ್ನ!" ಅಂದ ಪರಪ್ಪ, ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ.

ಅಜೀಜಾಬಿ ಮುರಿದ ಹಲ್ಲನ್ನು ಉಗುಳಿದಳು. "ಬ್ಯಾಡ. ತಂಗೀ, ಸಿನಿಮಾ ಹಚ್ಚು. ಪರದೆ ಹರದ್ರ ಹರೀಲಿ. ಅಂವನ ಮೈ ಮ್ಯಾಲ ಬಿಡು."

ವಿನೋದಿನಿ ನೋವಿಗೆ ತುಟಿ ಕಚ್ಚಿಕೊಂಡು, ಒಂದೇ ಕೈಯಲ್ಲಿ ಮಿಶಿನ್ನಿನ ಗುಂಡಿ ಹಿಂದಕ್ಕೆ ತಿರುಗಿಸಿದಳು. ದೀಪ ಉರಿಯುತ್ತಲೇ ಇತ್ತು. ಬಿಳೀ ಜುಬ್ಬದ ಮೇಲೆ ಚಿತ್ರ ಉಲ್ಟಾ ಓಡಿತು. ಗೌಸನ ತಲೆಯಿಂದ ಗುಂಡು ಮೇಲೆ ಹೋಯಿತು. ಗೌಸ ಮಣ್ಣಿನಿಂದ ಎದ್ದ. ಬಿಲ್ಲು ಅವನ ಕೈಗೆ ಬಂತು. ಧರ್ಮಣ್ಣನ ಹೊಟ್ಟೆಯ ಮೇಲೆ ಅವನು ನೆಟ್ಟಗೆ ನಿಂತ.

"ಎದ್ದ!" ಇಮಾಮಬಿ ತೆವಳಿಕೊಂಡು ಬಂದು ಆ ಜುಬ್ಬಕ್ಕೆ ಕೈ ಹಚ್ಚಿದಳು. ಚಿತ್ರ ಅವಳ ಕೈಮೇಲೆ ಬಂತು. "ಅಜೀಜಾ, ನನ್ನ ಕೂಸು ಎದ್ದೈತಿ! ತಂಗೀ, ಅಲ್ಲೇ ನಿಂದರಸವ್ವಾ. ನಿನ್ನ ಕಾಲಿಗೆ ಬೀಳ್ತೀನಿ, ಅಲ್ಲೇ ನಿಂದರಸು."

"ಅಮ್ಮಾ, ನಿಲ್ಲಿಸಿದ್ರೆ ಜಲ್ ಜಾಯೇಗಾ." ವಿನೋದಿನಿ ಅಳುತ್ತಿದ್ದಳು. "ದೀಪದ ಬಿಸಿಗೆ ಫಿಲ್ಮ್ ಸುಟ್ಟು ಹೋಗ್ತದೆ. ಇದು ಒಂದೇ ಇರೋದು."

ಎಲ್ಲರೂ ಅಜೀಜಾಬಿಯ ಕಡೆ ನೋಡಿದರು. ಅವಳು ಗಂಡನನ್ನು ನೋಡುತ್ತಿದ್ದಳು. ಇನ್ನೊಂದು ಗಳಿಗೆ ನೋಡಬೇಕೆಂದು ಜೀವ ಹಂಬಲಿಸಿತು. ಹೈವೇ ಬಿಟ್ಟು ಒಳಕ್ಕೆ ತಿರುಗಿದ ಪೊಲೀಸ್ ವ್ಯಾನಿನ ಬೆಳಕು ಪೈಪಿನ ಮೇಲೆ ಹಾಯಿತು. ಓಡಿಹೋದ ಆಳು ಸುಮ್ಮನೆ ಓಡಿರಲಿಲ್ಲ.

"ಮುಂದ ಬಿಡು," ಅಂದಳು.

ಗೌಸ ಮತ್ತೆ ಬಿದ್ದ. ಕಟ್ಟಿಹಾಕಿದ ಧರ್ಮಣ್ಣನ ಎದೆಯ ಮೇಲೆ ಧರ್ಮಣ್ಣನೇ ಬಗ್ಗಿ ಗುಂಡು ಎತ್ತಿಕೊಂಡ, ಬಾಯಿ ತೆರೆದ. ಬೆಳಕಿಗೆ ಕಣ್ಣು ಬಿಡಲಾಗದೆ ಅವನು ಕತ್ತು ಅತ್ತಿತ್ತ ಹೊರಳಿಸುತ್ತಿದ್ದ. ಈ ಸಲ ಅಜೀಜಾಬಿ ಭೊಂಗಾ ಎತ್ತಲಿಲ್ಲ. ತನಗಲ್ಲ, ಅವರಿಗೆ ಬಿಟ್ಟದ್ದು ಎಂಬಂತೆ ತಿರುಗಿ ಗಲ್ಲಿಯ ಮುಖ ನೋಡಿದಳು.

ಮೊದಲು ಬಾಯಿ ಬಿಟ್ಟವಳು ಇಮಾಮಬಿ. ಮಗನ ಮೇಲೆ ಕೈ ಇಟ್ಟುಕೊಂಡೇ, ಅವನನ್ನು ಕೊಂದವನ ಮಾತನ್ನು ಹಲ್ಲಿಲ್ಲದ ಬಾಯಲ್ಲಿ ಅಂದಳು. "ಹಿಡೀರಿ ಬೇವರ್ಸಿಯನ್ನು." ಪರಪ್ಪ ದನಿ ಸೇರಿಸಿದ. ಅಂಗಡಿಯ ಬಾಗಿಲಿನಿಂದ ಮೋನಪ್ಪನೂ ಹೊರಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ನಿಂತು ಅಂದ. 

ವ್ಯಾನು ಗಲ್ಲಿಯ ಬಾಯಿಗೆ ಬಂತು. ಬೂಟುಗಳು, ಲಾಠಿಗಳು ಇಳಿದವು. ಯಾರೂ ಹಿಂದಿರುಗಿ ನೋಡಲಿಲ್ಲ. ಧರ್ಮಣ್ಣನ ಎದೆಯ ಮೇಲೆ ಗುಂಡು ಏರಿತು, ಗಲ್ಲಿಗೆ ಗಲ್ಲಿಯೇ ಒಂದೇ ಬಾಯಲ್ಲಿ ಅವನಿಗೆ ಅವನ ಮಾತು ಹೇಳಿತು:

"ಸತ್ರೆ ಸಾಯ್ಲಿ. ಕೇಳುವವರು ಯಾರುಂಟು?"