ಹಸಿರು ಕಿಟಕಿಯ ಹೆಂಗಸು

ಹಳೇ ಬಂದರುಕೇರಿಯಲ್ಲಿ ಪ್ರವಾಸಿಗರಿಗೆ ನಡೆದುಕೊಂಡೇ ಊರು ತೋರಿಸುವ ಗೈಡ್‌ಗೆ ಅಲ್ಲಿನವರು ಇಟ್ಟ ಹೆಸರು ಬಾಯಿಬಡುಕ. ಅವನಿಗೇನೂ ಬೇಸರವಿರಲಿಲ್ಲ, ಬಾಯಿಯೇ ಅವನ ಬಂಡವಾಳ. ಸುಂಕದ ಕಚೇರಿ, ಹಗ್ಗ ಹೊಸೆಯುತ್ತಿದ್ದ ಉದ್ದನೆಯ ಕೊಟ್ಟಿಗೆ, ಉಪ್ಪುಗಾಳಿಗೆ ಗಾರೆ ಉದುರಿದ ಗೋದಾಮುಗಳು, ಎಲ್ಲ ದಾಟಿ ಕೊನೆಗೆ ನೀರಿಗೆ ಮುಖಮಾಡಿದ ಮೂರಂತಸ್ತಿನ ಮನೆಯೊಂದರ ಕೆಳಗೆ ಜನರನ್ನು ನಿಲ್ಲಿಸುತ್ತಿದ್ದ.

"ಮೇಲಿನ ಆ ಹಸಿರು ಕಿಟಕಿ ನೋಡಿ. ಅಲ್ಲೊಬ್ಬಳು ಹೆಂಗಸು ಹಡಗಿನವನೊಬ್ಬನಿಗೆ ಕಾದೂ ಕಾದೂ, ಅವನು ಬರಲಿಲ್ಲ ಅಂತ ಒಂದಿನ ಕೆಳಗೆ ಹಾರಿಬಿಟ್ಟಳು."

ಜನ ಲೊಚಗುಟ್ಟುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಹೆಂಗಸೊಬ್ಬಳು ಅಲ್ಲಿಂದ ಬಿದ್ದು ಸತ್ತಳೆಂದು ಅವನು ಎಲ್ಲೋ ಕೇಳಿದ್ದು ನಿಜ. ಉಳಿದದ್ದೆಲ್ಲ ಅವನೇ ಹಚ್ಚಿದ ಬಣ್ಣ.

ಒಂದು ಬೆಳಿಗ್ಗೆ ಗುಂಪು ಚದುರಿದ ಮೇಲೂ ಒಬ್ಬಾಕೆ ನಿಂತೇ ಇದ್ದಳು. ಕತ್ತಿನಲ್ಲಿ ಹೊಲಿಗೆಯವರ ಅಳತೆ ಟೇಪು.

"ಅದು ನಮ್ಮನೆ. ಸತ್ತವಳು ನಮ್ಮಮ್ಮ. ಒದ್ದೆ ಬಟ್ಟೆ ಹರವೋಕೆ ಕಿಟಕಿಯಿಂದಾಚೆ ಬಗ್ಗಿದಾಗ ಕಾಲು ಜಾರ್ತು. ಪಕ್ಕದಲ್ಲಿ ನಿಂತು ಕ್ಲಿಪ್ಪು ಕೊಡ್ತಿದ್ದವಳು ನಾನು."

ಬಾಯಿಬಡುಕ ಕತ್ತೆತ್ತಿ ಆ ಕಿಟಕಿಯನ್ನೊಮ್ಮೆ ನೋಡಿದ. "ಅಕ್ಕಾ, ಅಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ..."

"ನಮ್ಮಪ್ಪ ಇದಾರೆ. ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ನೀವು ಹೇಳೋದೆಲ್ಲ ಅವರಿಗೆ ಕೇಳ್ಸುತ್ತೆ, ವಾರಕ್ಕೆ ಮೂರು ಸಲ. ನಾನೆಷ್ಟು ಹೇಳಿದ್ರೂ ನಂಬ್ತಿಲ್ಲ. ನೀವೇ ಬಂದು ಸುಳ್ಳು ಅಂತ ಹೇಳಿ."

ಕಿರಿದಾದ ಮರದ ಮೆಟ್ಟಿಲು. ಮೇಲೆ ಕೋಣೆಯ ತುಂಬ ಬಟ್ಟೆ ಚೂರು, ಮೂಲೆಯಲ್ಲಿ ಹೊಲಿಗೆ ಮಿಷನ್, ಕಿಟಕಿಗೆ ಅಂಟಿಕೊಂಡಂತೆ ಮಂಚ. ಮುದುಕರು ದನಿಯಿಂದಲೇ ಗುರುತು ಹಿಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಬಾಪ್ಪ, ಕೂತ್ಕೊ. ಆ ಹಡಗಿನವನು ಯಾರು?"

"ಯಾರೂ ಇಲ್ಲ ಯಜಮಾನ್ರೇ. ನಾನೇ ಕಟ್ಟಿದ ಕಥೆ. ತಪ್ಪಾಯ್ತು."

"ಇದು ಮಗಳು ಹೇಳಿಕೊಟ್ಟ ಮಾತು." ಮುದುಕರು ಅವನ ಮಣಿಕಟ್ಟು ಹಿಡಿದುಕೊಂಡರು. "ಸಂಜೆ ಹೊತ್ತು ಅವಳು ಈ ಕಿಟಕೀಲೇ ನಿಲ್ತಿದ್ದಳು. ನಾನು ಗಾಳಿಗೆ ಅಂದ್ಕೊಂಡಿದ್ದೆ. ಮುಚ್ಚಿಡಬೇಡ. ಈ ವಯಸ್ಸಲ್ಲಿ ಯಾರ ಮೇಲೂ ಜಗಳಕ್ಕೆ ಹೋಗಲ್ಲ ನಾನು. ಹೆಸರು ಹೇಳು, ಸಾಕು."

ಅವನು ಆಣೆ ಇಟ್ಟ, ಕಾಲು ಹಿಡಿದ. ಮುದುಕರು ತಲೆ ಅಲ್ಲಾಡಿಸುತ್ತಲೇ ಇದ್ದರು. ಮಗಳು ಮಿಷನ್ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು.

ಅಂದಿನಿಂದ ಅವನು ಕಿಟಕಿಯ ಕೆಳಗೆ ಯಾರನ್ನೂ ನಿಲ್ಲಿಸಲಿಲ್ಲ. ದಿನವೂ ಒಬ್ಬನೇ ಮೆಟ್ಟಿಲು ಹತ್ತಿ ಅದೇ ತಪ್ಪೊಪ್ಪಿಗೆಯನ್ನು ಹೇಳಿ ಬಂದ. ಎಂಟನೆಯ ದಿನ ಹೊಲಿಗೆಯಾಕೆ ಬಾಗಿಲಲ್ಲೇ ತಡೆದಳು.

"ಇನ್ನು ಬರಬೇಡಿ. ನೀವು ಬಂದಷ್ಟೂ ಅವರಿಗೆ ಅನುಮಾನ ಹೆಚ್ಚಾಗ್ತಿದೆ. ನಿನ್ನೆ ನನ್ನ ಮುಖಾನೇ ನೋಡ್ತಾ ಕೇಳಿದ್ರು, ನೀನು ಯಾರ ಮಗಳು ಅಂತ."

ಅವಳು ಬಾಗಿಲು ಹಾಕಿಕೊಂಡಳು. ಅವನು ಮೆಟ್ಟಿಲಿಳಿದು ಹೋದ. ಆ ತಿಂಗಳೇ ಗೈಡ್ ಕೆಲಸ ಬಿಟ್ಟು, ಆಚೆ ದಡದ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿಕೊಂಡ.