ಅಡ್ಡಮಾತಿಲ್ಲದ ಸದನ

ಕಾಮಗಾರಿ ಮಂತ್ರಿ ಸತ್ತ ಸುದ್ದಿ ಬಂದಾಗ ಬೇಡಮ್ಮ ಅವನನ್ನೇ ಬಯ್ಯುವ ಭಾಷಣ ಬರೆಯುತ್ತ ಕೂತಿದ್ದಳು. ಸೇತುವೆಯ ಟೆಂಡರಿನ ಮೇಲೆ. ಒಳ್ಳೆಯ ಹದಕ್ಕೆ ಬಂದಿತ್ತು.

ಬೇಡಮ್ಮ ಅನ್ನುವುದು ಮನೆಯವರಿಟ್ಟ ಹೆಸರಲ್ಲ. ಮೊದಲ ಸಲ ಆರಿಸಿ ಬಂದ ವರ್ಷ ಸರ್ಕಾರದ ಮಸೂದೆಯೊಂದಕ್ಕೆ ಎದ್ದು ನಿಂತು ಒಂದೇ ಉಸಿರಿನಲ್ಲಿ ಮೂರು ಸಲ "ಬೇಡ" ಅಂದಿದ್ದಳು. ಆಗ ಎದುರು ಸಾಲಿನಿಂದ ಇದೇ ಮನುಷ್ಯ, "ಕೂತ್ಕೊಳ್ಳಿ ಬೇಡಮ್ಮ, ಬೇಕಾದ್ದೇನು ಅಂತ ಮನೇಲಿ ವಿಚಾರಿಸ್ಕೊಂಡು ಬನ್ನಿ" ಅಂದಿದ್ದ. ಸದನ ಗೊಳ್ಳೆಂದಿತ್ತು. "ವಿಚಾರಿಸಿದೆ ಸ್ವಾಮಿ, ನೀವು ಬೇಡ ಅಂದ್ರು" ಅಂದಿದ್ದಳು ಇವಳು. ಹೆಸರು ಅಂಟಿಕೊಂಡಿತು. ಅವಳ ಪಕ್ಷ ಆಮೇಲೆ ಒಮ್ಮೆಯೂ ಅಧಿಕಾರದ ಮುಖ ಕಾಣಲಿಲ್ಲ. ಅವನ ಖಾತೆಯೂ ಬದಲಾಗಲಿಲ್ಲ. ಇಬ್ಬರೂ ಎದುರುಬದುರು ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡರು.

ತಂಗಿ ಕೈ ಒರೆಸಿಕೊಳ್ಳುತ್ತ ಕೋಣೆಗೆ ಬಂದಳು. ಬೇಡಮ್ಮನ ಗಂಡ ತೀರಿಕೊಂಡ ಮೇಲೆ ಜೊತೆಗಿರಲು ಬಂದವಳು.

"ಟಿವೀಲಿ ಹೇಳ್ತಿದಾರೆ, ನಿನ್ನ ಶತ್ರು ಹೋದನಂತೆ. ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡು."

"ನನ್ನ ನಿದ್ದೆಗೇನಾಗಿತ್ತು?"

"ಅಕ್ಕಾ, ಇದು ಸದನ ಅಲ್ಲ, ಮನೆ."

ತಂಗಿ ಕೆಟ್ಟವಳಲ್ಲ. ಆದರೆ ಅಕ್ಕನ ಮಾತು ಎರಡನೇ ವಾಕ್ಯ ದಾಟಿದರೆ ಅವಳ ಕಣ್ಣು ಟಿವಿಯ ಕಡೆ ಜಾರುತ್ತಿತ್ತು. ಗಂಡ ಇದ್ದಾಗ ಪೇಪರಿನ ಹಿಂದಿನಿಂದ "ಹೂಂ" ಅನ್ನುತ್ತಿದ್ದ. ಮನೆಗೆ ಬೆಂಕಿ ಬಿದ್ದಿದೆ ಅಂದಿದ್ದರೂ ಅದೇ ಹೂಂ ಸಿಗುತ್ತಿತ್ತು. ಸ್ವಂತ ಪಕ್ಷದವರಂತೂ ಅವಳು ಮಾತಿಗೆ ನಿಂತರೆ ಟೀ ಕುಡಿಯಲು ಏಳುತ್ತಿದ್ದರು.

ಮಂತ್ರಿಯ ಮನೆಯ ಹಜಾರದಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಅವಳು ಕಾಲಿಟ್ಟೊಡನೆ ಗುಸುಗುಸು ನಿಂತಿತು. ಅವನ ಹೆಂಡತಿ ಕೈಹಿಡಿದು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ನಿಮ್ಮನ್ನ ಹತ್ತಿರದಿಂದ ನೋಡಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ಊಟಕ್ಕೆ ಕೂತ್ರೂ ನಿಮ್ದೇ ಜಪ. 'ಆ ಹೆಂಗಸು ನಾಳೆ ಏನು ತೆಗೀತಾಳೋ!' ಕನ್ನಡಿ ಮುಂದೆ ನಿಂತು ಗಡ್ಡ ಕೆರ್ಕೊಳ್ತಾ ನಿಮಗೆ ಉತ್ತರ ಕೊಡ್ತಿದ್ರು. ಒಂದು ಸಲ ಸಿಟ್ಟಲ್ಲಿ ಕೆನ್ನೇನೇ ಕುಯ್ಕೊಂಡಿದ್ರು."

ಬೇಡಮ್ಮನಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

"ನಗಿ, ಪರವಾಗಿಲ್ಲ. ನಂಗೆ ಹೊಟ್ಟೆಕಿಚ್ಚಾಗ್ತಿತ್ತು," ಅಂದಳು ಆಕೆ. "ನನ್ನ ಹತ್ರ ದಿನಕ್ಕೆ ನಾಕು ಮಾತಾಡಿದ್ರೆ ಹೆಚ್ಚು. ಬಯ್ಯೋಕಾದ್ರೂ ಸರಿ, ಅಷ್ಟು ಹೊತ್ತು ನನ್ನನ್ನ ನೆನೀಲಿಲ್ಲವಲ್ಲ."

ಅವನ ಮಾತೆಲ್ಲ ಒಬ್ಬಳ ಪಾಲಿಗೆ, ಮೌನವೆಲ್ಲ ಇನ್ನೊಬ್ಬಳ ಪಾಲಿಗೆ ಬಂದಿತ್ತು. ಕಾರು ಹತ್ತುವಾಗ ಬೇಡಮ್ಮನಿಗೆ ಹೊಳೆಯಿತು: ತನ್ನ ಮಾತನ್ನು ಪದಪದವಾಗಿ ಕೇಳುತ್ತಿದ್ದವನು ಅವನೊಬ್ಬನೇ. ಕೇಳದೆ ಅವನಿಗೆ ವಿಧಿಯಿರಲಿಲ್ಲ, ಉತ್ತರ ಕೊಡಬೇಕಿತ್ತಲ್ಲ. ಇದನ್ನು ಇವತ್ತು ಸದನದಲ್ಲಿ ಹೇಳದಿದ್ದರೆ ಇನ್ನು ಹೇಳುವ ಜಾಗವೇ ಇಲ್ಲ ಅನ್ನಿಸಿತು.

ಸದನದ ಮೊಗಸಾಲೆಯಲ್ಲಿ ಪಕ್ಷದ ಕಾರ್ಯದರ್ಶಿ ಕಾಯುತ್ತಿದ್ದ. ಅವಳೀಗ ವಿರೋಧ ಪಕ್ಷದ ನಾಯಕಿ. ಸಂತಾಪ ಸೂಚನೆಗೆ ಆಡಳಿತ ಪಕ್ಷದ ನಾಯಕರ ನಂತರ ಅವಳದೇ ಸರದಿ.

"ಎರಡೇ ವಾಕ್ಯ, ಮೇಡಂ. ದುಃಖವಾಯ್ತು, ಮನೆಯವರಿಗೆ ಧೈರ್ಯ ಸಿಗಲಿ. ಮುಗೀತು. ಅವರ ಕ್ಷೇತ್ರಕ್ಕೆ ಉಪಚುನಾವಣೆ ಬರುತ್ತೆ. ನೀವು ಒಂದು ಒಳ್ಳೆ ಮಾತಾಡಿದ್ರೂ ಪೋಸ್ಟರ್ ಮಾಡಿ ನಮ್ಮ ಮುಖಕ್ಕೇ ಅಂಟಿಸ್ತಾರೆ."

"ಸತ್ತವರ ಎದುರೂ ಲೆಕ್ಕಾಚಾರನಾ?"

"ನಿಮ್ಮ ಕುರ್ಚಿ ಮೇಲೆ ಯಾರ್ಯಾರ ಕಣ್ಣಿದೆ ಅಂತ ನಿಮಗೇ ಗೊತ್ತು. ನಾಲಿಗೆ ಜಾರಿದ್ರೆ ನಾನೂ ಹಿಡಿಯೋಕಾಗಲ್ಲ."

ಅವಳು ಎದ್ದಾಗ ಎದುರಿನ ಖಾಲಿ ಕುರ್ಚಿ ಎಂದಿನಂತೆ ಇವಳ ಕಡೆಗೇ ತಿರುಗಿತ್ತು. ಕಾರ್ಯದರ್ಶಿ ಹೇಳಿದ ಎರಡು ವಾಕ್ಯಗಳೂ ಆದವು. ಕೂರಬೇಕಿತ್ತು. ಕೂರಲಿಲ್ಲ.

"ಅವರು ಕೆಲಸಗಾರರು, ಒಪ್ತೀನಿ. ಆದರೆ..."

ಅಲ್ಲಿಗೆ ನಿಂತಳು. ಇಷ್ಟು ವರ್ಷ ಅವಳ ಪ್ರತಿ "ಆದರೆ"ಯ ಮುಂದೆ ಒಂದು ಸಂದು ಇರುತ್ತಿತ್ತು. ಅವನು ಅಲ್ಲಿ ನುಗ್ಗುತ್ತಿದ್ದ. ನುಗ್ಗಲೆಂದೇ ಅವಳು ಬಿಡುತ್ತಿದ್ದಳು. ಇವತ್ತು ಯಾರೂ ನುಗ್ಗಲಿಲ್ಲ. ಫ್ಯಾನಿನ ಸದ್ದು ಕೇಳುವಷ್ಟು ಸದನ ತಣ್ಣಗಿತ್ತು. ಜವಾನನೊಬ್ಬ ಮೆಲ್ಲಗೆ ನೀರಿನ ಲೋಟ ತಂದಿಟ್ಟ.

"ಅಧ್ಯಕ್ಷರೇ, ನಾನು ಅಳ್ತಾ ನಿಂತಿಲ್ಲ. ಅಭ್ಯಾಸ. ಇಷ್ಟು ಹೊತ್ತಿಗೆ ಅವರು ಎದ್ದಿರಬೇಕಿತ್ತು." ಲೋಟ ಪಕ್ಕಕ್ಕೆ ಸರಿಸಿದಳು. "ನನ್ನ ಒಂದು ಮಾತನ್ನೂ ಅವರು ಒಪ್ಪಲಿಲ್ಲ. ಒಂದನ್ನೂ ಕೇಳದೆ ಬಿಡಲೂ ಇಲ್ಲ. ಈ ಸದನದಲ್ಲಾಗಲಿ, ಹೊರಗಾಗಲಿ, ನನ್ನನ್ನ ಹಾಗೆ ಕೇಳಿಸಿಕೊಂಡವರು ಇನ್ನೊಬ್ಬರಿಲ್ಲ. ಇನ್ನು ನಾನು ಯಾರ ಹತ್ರ ಮಾತಾಡಲಿ, ಗೊತ್ತಾಗ್ತಿಲ್ಲ."

ಎದುರು ಸಾಲುಗಳವರು ಮೇಜುಗಳನ್ನು ದಡದಡ ಬಡಿದರು. ಅವಳ ಜೀವಮಾನದಲ್ಲಿ ಆ ಕಡೆಯಿಂದ ಬಂದ ಮೊದಲ ಮೆಚ್ಚುಗೆ. ತನ್ನ ಕಡೆ ಒಂದು ಬೆರಳೂ ಅಲುಗಲಿಲ್ಲ. ತವರಿನವರು ಮುಖ ತಿರುಗಿಸಿ ಬೀಗರು ಹೊಗಳಿದ ಹಾಗಿತ್ತು.

ಸಂಜೆ ಕಾರ್ಯದರ್ಶಿ ಅವಳ ಕೊಠಡಿಗೆ ಬಂದ. ವಾದಕ್ಕೆ ಸಿದ್ಧನಾಗಿ ಬಂದಿದ್ದನೆಂಬುದು ಮುಖದಲ್ಲೇ ಇತ್ತು.

"ನಾಯಕಿ ಸ್ಥಾನ ಬಿಡಬೇಕಾಗುತ್ತೆ, ಮೇಡಂ."

"ಆಯ್ತು."

"ಅಲ್ಲ, ಯಾಕೆ ಅಂತಾದ್ರೂ ಕೇಳಿ."

"ಯಾಕೆ ಅಂತ ಗೊತ್ತಿದ್ದೇ ಮಾತಾಡಿದೆನಲ್ಲಪ್ಪ."

ಅವನು ಆಡದೆ ಉಳಿದ ವಾದವನ್ನೆಲ್ಲ ಹೊತ್ತುಕೊಂಡು ಹೊರಟ.

ಮುಂದಿನ ಅಧಿವೇಶನದಲ್ಲಿ ಅವಳಿಗೆ ಕೊನೆಯ ಸಾಲು. ಪಕ್ಕದ ಹೊಸ ಸದಸ್ಯ ಗಡಿಬಿಡಿಯಿಂದ ತನ್ನ ಚೀಲ ತೆಗೆದು ಜಾಗ ಮಾಡಿಕೊಟ್ಟ. ಹೆರಿಗೆ ವಾರ್ಡಿನ ಸೋರುವ ಚಾವಣಿಯ ಬಗ್ಗೆ ಅವಳು ಮಾತಿಗೆ ನಿಂತಳು. ಖುದ್ದು ಹೋಗಿ ನೋಡಿ ಬಂದಿದ್ದಳು. ಬಾಣಂತಿಯರ ಮಂಚಗಳನ್ನು ಬಕೆಟ್ಟುಗಳ ನಡುವೆ ಎಳೆದಾಡುತ್ತಿದ್ದರು. ಹೊಸ ಕಾಮಗಾರಿ ಮಂತ್ರಿ ಅಳಿಯನ ವಯಸ್ಸಿನವನು, ಕೈಕಟ್ಟಿ, ತಲೆ ತಗ್ಗಿಸಿ ಕೇಳುತ್ತಿದ್ದ.

"ನಾನು ಹೇಳಿದ್ದು ಸುಳ್ಳಾಗಿದ್ರೆ ಮಂತ್ರಿಗಳು ಈಗಲೇ ಎದ್ದು ಹೇಳಲಿ!"

ಮಂತ್ರಿ ಎದ್ದ. ಅವಳ ಬೆನ್ನು ನೆಟ್ಟಗಾಯಿತು.

"ಅಮ್ಮನವರು ಹಿರಿಯರು, ನಮ್ಮ ತಾಯಿ ಸಮಾನ. ಅವರು ಹೇಳಿದ್ದೆಲ್ಲ ಸರಿ. ಪರಿಶೀಲಿಸ್ತೀವಿ," ಎಂದು ಕೈಮುಗಿದು ಕೂತ.

"ನೋಡಿ ಮೇಡಂ, ಎಷ್ಟು ಬೇಗ ಒಪ್ಪಿದ್ರು!" ಅಂದ ಪಕ್ಕದವನು.

"ಏನು ಒಪ್ಪಿದ್ರಿ ಅಂತ ಹೋಗಿ ಅವರನ್ನೇ ಕೇಳಪ್ಪ," ಅಂದಳು ಬೇಡಮ್ಮ. ಅವನು ತಮಾಷೆಯೆಂದುಕೊಂಡು ನಕ್ಕ. ಅಧ್ಯಕ್ಷರು ಆಗಲೇ ಮುಂದಿನವರ ಹೆಸರು ಕೂಗಿದ್ದರು. ಅವಳು ಇನ್ನೂ ನಿಂತೇ ಇದ್ದಳು. "ಕೂತ್ಕೊಳ್ಳಿ ಬೇಡಮ್ಮ" ಅನ್ನುವವರು ಯಾರೂ ಇರಲಿಲ್ಲ.